ನಿಮ್ಮಪ್ಪನ ಕೈ

ಮಾರ್ ದೆಲ್ ಪ್ಲಾತಾ
ಭಾನುವಾರ, 5 ಮಾರ್ಚ್ 1972

ಮುದ್ದಿನ ಮಗಳು ದೆಲ್ಫೀನಾಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೋ, ಆದರೆ ಒಂದೇ ಉಸಿರಿಗೆ ಬೈದು ಮುಗಿಸು, ಹೇಳುವುದು ಬಹಳ ಇದೆ. ಮಗುವಿನ ಹಲ್ಲು, ಬೌತೀಸ್ತಾನ ಕೆಮ್ಮು, ನಿಮ್ಮ ಕೊಮೊದೊರೊದ ಗಾಳಿ, ಎಲ್ಲವನ್ನೂ ಎರಡೆರಡು ಸಲ ಓದಿದೆ. ಅಳಿಯನ ಎದೆಗೆ ಬಿಸಿ ಎಣ್ಣೆ ಹಚ್ಚು. ಗಂಡಸರು ಬೇಡ ಅನ್ನುತ್ತಾರೆ, ಹಚ್ಚಿದ ಮೇಲೆ ಸುಮ್ಮನಾಗುತ್ತಾರೆ.

ಈ ಬೇಸಿಗೆ ನಮ್ಮ ವಸತಿಮನೆಗೆ ಜನ ಕಡಿಮೆಯೇನಿರಲಿಲ್ಲ. ಕಾರ್ನಿವಲ್ ವಾರದಲ್ಲಿ ಅಟ್ಟದ ಕೋಣೆಯೂ ತುಂಬಿತ್ತು. ನನ್ನ ಹಳೆಯ ಕಟ್ಟಳೆ ನಿನಗೆ ಗೊತ್ತು: ಸಮುದ್ರಸ್ನಾನಕ್ಕೆ ಬರುವ ಸಂಸಾರಸ್ಥರು ಹೋಗುವ ದಿನ ಕೊಟ್ಟರೆ ಸಾಕು. ಕ್ಯಾಸಿನೊದ ರೂಲೆಟ್ ಚಕ್ರದ ಭಕ್ತರು ಮಾತ್ರ ಬಂದ ದಿನವೇ ಪೂರ್ತಿ ಎಣಿಸಿ, ಊರಿಗೆ ಮರಳುವ ರೈಲು ಟಿಕೆಟ್ಟನ್ನೂ ನನ್ನ ಕೈಗೆ ಒಪ್ಪಿಸಬೇಕು. ಮೊದಲ ದಿನ ನನ್ನನ್ನು ಪೊಲೀಸಿನವಳು ಅನ್ನುತ್ತಾರೆ, ಕೊನೆಯ ದಿನ ದೇವಮಾತೆ ಅನ್ನುತ್ತಾರೆ.

ರೊಸಾರಿಯೊದ ಕಬ್ಬಿಣದಂಗಡಿ ಲಿಸಾಸೊ ಈ ಸಲವೂ ಬಂದಿದ್ದ. ಅದೇ ಉಪಾಯ: ಚಕ್ರದ ಕೆಂಪು-ಕಪ್ಪಿನಲ್ಲಿ ಕೆಂಪಿಗೆ ಹಾಕು, ಸೋತರೆ ಎರಡರಷ್ಟು ಹಾಕು, ಮತ್ತೆ ಸೋತರೆ ಮತ್ತೆ ಎರಡರಷ್ಟು. "ಕೆಂಪು ಬರ್ದೆ ಎಲ್ಲಿಗ್ ಹೋಗುತ್ತೆ ದೋನ್ಯಾ? ಒಂದ್ಸಲ ಬಂದ್ರೆ ಎಲ್ಲಾ ವಾಪಸ್ಸು!" ಅನ್ನುತ್ತಾನೆ. ಬರುತ್ತದೆ, ಯಾರು ಇಲ್ಲ ಅಂದರು? ಆದರೆ ಒಂದು ಮೇಜಿಗೆ ಇಷ್ಟಕ್ಕಿಂತ ಹೆಚ್ಚು ಹಾಕಬಾರದು ಅನ್ನುವ ಮಿತಿ ಕೆಂಪಿಗಿಂತ ಮೊದಲು ಬರುತ್ತದೆ, ಆ ಮಿತಿಗಿಂತ ಮೊದಲು ಲಿಸಾಸೊನ ಜೇಬಿನ ತಳ ಬರುತ್ತದೆ. ಬುಧವಾರ ಅವನ ಟಿಕೆಟ್ಟು ಕೊಟ್ಟು, ದಾರಿಗೆ ನಾಲ್ಕು ಎಂಪನಾದ ಕಡುಬು ಕಟ್ಟಿ ಕಳಿಸಿದೆ.

ಇಂಥವರನ್ನು ನೋಡಿ ನಿಮ್ಮಪ್ಪ ಮೂವತ್ತು ವರ್ಷ ನಕ್ಕ. ಕ್ಯಾಸಿನೊದ ನೌಕರನಾಗಿ ಮೇಜಿನ ಆ ಬದಿ ನಿಂತು ಚಕ್ರಕ್ಕೆ ಚೆಂಡು ಎಸೆದವನಲ್ಲವೇ! ಈಗ, ಮಗಳೇ, ಅವನೇ ಈ ಬದಿಗೆ ಬಂದು ಕೂತಿದ್ದಾನೆ.

ಕ್ಯಾಸಿನೊದಿಂದ ನಿವೃತ್ತನಾದವನು ಒಂದು ವರ್ಷ ಆಟಕ್ಕೆ ಒಳಗೆ ಕಾಲಿಡುವಂತಿಲ್ಲ. ಆ ವರ್ಷ ಜನವರಿಗೆ ತುಂಬಿತು. ಮಾರನೆಯ ಬೆಳಿಗ್ಗೆಯೇ ಕರಿ ಸೂಟು ಹಿಡಿದು ಅಡುಗೆಮನೆಗೆ ಬಂದ. ಚೆಂಡು ಎಸೆಯುವವರ ಬಟ್ಟೆಗೆ ಜೇಬು ಇರಬಾರದು ಅಂತ ಆ ಜೇಬುಗಳ ಬಾಯಿ ಹೊಲಿದವಳು ನಾನೇ.

"ಜೇಬು ಬಿಚ್ಚಿಕೊಡು ಮುದುಕಿ."

"ಯಾಕೆ, ಕೈ ಬೆಚ್ಚಗಿಡೋಕಾ?"

"ದುಡ್ಡಿಡೋಕೆ."

"ಹೋಗೋ ದುಡ್ಡಾ, ಬರೋ ದುಡ್ಡಾ?"

"ನೀನು ಬಿಚ್ಚು. ಬರೋದನ್ನ ನಾನ್ ನೋಡ್ಕೋತೀನಿ."

ಬಿಚ್ಚಿಕೊಟ್ಟೆ. ನಾಲ್ಕು ದಿನದ ಚಪಲ, ತೀರಿಸಿಕೊಳ್ಳಲಿ ಅಂದುಕೊಂಡೆ. ಅವನು ಅಂಕಿಯ ಮೇಲೆ ಆಡುವುದಿಲ್ಲವಂತೆ, ಚೆಂಡು ಎಸೆಯುವವನ ಕೈ ಮೇಲೆ ಆಡುತ್ತಾನಂತೆ. ಈಗ ಅಲ್ಲಿ ಚೆಂಡು ಎಸೆಯುವ ರಮೀರೊನ ನೆನಪಿದೆ ತಾನೆ? ತಂದೀಲ್‌ನಿಂದ ಬಂದು ನಮ್ಮ ಅಡುಗೆಮನೆಯಲ್ಲೇ ಉಂಡು ಬೆಳೆದವನು, ನಿನ್ನ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವನು. ಅವನಿಗೆ ಚೆಂಡು ಎಸೆಯುವುದನ್ನು ಇದೇ ಮೇಜಿನ ಮೇಲೆ, ನನ್ನ ಬಟ್ಟೆ ನೆನೆಸುವ ಬೋಗುಣಿಯಲ್ಲಿ ಕಲಿಸಿದವನು ನಿಮ್ಮಪ್ಪ. ಅದೇ ಮಣಿಕಟ್ಟು, ಅದೇ ಬೆರಳಿನ ಚಿಮ್ಮು. "ಆ ಹುಡುಗ ಎಸೆಯೋದು ನನ್ನ ಕೈನ. ನನ್ನ ಕೈಯಿಂದ ಹೊರಟ ಚೆಂಡು ಎಲ್ಲಿ ಕೂರುತ್ತೆ ಅಂತ ನನಗ್ ಗೊತ್ತಾಗಲ್ವಾ?" ಅನ್ನುತ್ತಾನೆ. ಚೆಂಡು ಬಿಟ್ಟ ಜಾಗ ನೋಡಿ, ಚಕ್ರದಲ್ಲಿ ಅಕ್ಕಪಕ್ಕ ಇರುವ ಐದು ಅಂಕಿಗೆ ಒಂದೊಂದು ಬಿಲ್ಲೆ ಇಡುತ್ತಾನೆ. ದುಡ್ಡು ಕೊಟ್ಟರೆ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಬಣ್ಣದ ಬಿಲ್ಲೆ ಕೊಡುತ್ತಾರೆ. ಇವನಿಗೆ ಯಾವಾಗಲೂ ರಮೀರೊನ ಮೇಜು, ಯಾವಾಗಲೂ ನೇರಳೆ ಬಣ್ಣದ ಬಿಲ್ಲೆ.

ಮೊದಲ ವಾರ ಗೆದ್ದ. ನನಗೊಂದು ಶಾಲು ತಂದ, ಮಗುವಿಗೆ ಮರದ ಕುದುರೆ ತಂದ (ಅಂಚೆಯಲ್ಲಿ ಕಳಿಸಿದ್ದೇನೆ). ಆಮೇಲಿಂದ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ. ಒಮ್ಮೆಲೇ ಬಿದ್ದರೆ ಸದ್ದಾದರೂ ಆಗುತ್ತದೆ. ಇದು ಹಿತ್ತಲ ನಲ್ಲಿ ತೊಟ್ಟಿಕ್ಕಿದ ಹಾಗೆ.

ಭಯ ಯಾಕೆ ಅಂದರೆ, ಇದು ಮನೆಯ ದುಡ್ಡು. ನಾವು ಇಷ್ಟು ವರ್ಷ ಬಾಡಿಗೆ ಕಟ್ಟಿದ ಈ ಮನೆಯನ್ನು ಒಡತಿ ದೋನ್ಯಾ ಕ್ಲೊರಿಂದಾ ನಮಗೇ ಮಾರುತ್ತೇನೆ ಅಂದಿದ್ದಾಳೆ. ಹಳೆಯ ಪೆಸೊದಲ್ಲಿ ನಲವತ್ತು ಲಕ್ಷ. ಮಾರ್ಚ್ 29ಕ್ಕೆ ನೋಟರಿಯ ಮುಂದೆ ಎಣಿಸಬೇಕು. ಎಣಿಸದಿದ್ದರೆ ಮಾರನೆಯ ದಿನವೇ ಕಟ್ಟಡದವನು ಬಂದು ಎಣಿಸುತ್ತಾನೆ. ಎಡಗಡೆ ಮನೆ ಕೆಡವಿ ಹನ್ನೆರಡು ಮಹಡಿ ಎಬ್ಬಿಸಿದ್ದಾನಲ್ಲ, ಅವನೇ. ಈಗಲೇ ನಮ್ಮ ಅಂಗಳಕ್ಕೆ ಬಿಸಿಲು ಬರುವುದು ಊಟದ ಹೊತ್ತಿಗೆ ಮಾತ್ರ. ನನ್ನ ಉಳಿತಾಯ, ಅವನ ನಿವೃತ್ತಿಯ ಹಣ ಎಲ್ಲ ಸೇರಿ ನಲವತ್ತೆರಡು ಲಕ್ಷ ಇತ್ತು. "ಇತ್ತು" ಅನ್ನುವ ಮಾತನ್ನು ಗಮನಿಸು.

ನೀನು ಅವನಿಗೆ ಏನೂ ಬರೆಯಬೇಡ. ನಾನು ಹೇಳಿದೆ ಅಂತ ಗೊತ್ತಾದರೆ ಹಟಕ್ಕೆ ಬೀಳುತ್ತಾನೆ. ಮಗುವಿಗೆ ನನ್ನ ಮುತ್ತು, ನಿಮಗಿಬ್ಬರಿಗೂ ನನ್ನ ಆಶೀರ್ವಾದ.

ನಿನ್ನ ಅಮ್ಮ,
ಎರ್ಮೆಲಿಂದಾ


ಭಾನುವಾರ, 19 ಮಾರ್ಚ್

ದೆಲ್ಫೀನಾ,

ಕುಶಲ ಕೇಳುವಷ್ಟು ಸಮಾಧಾನ ಇಲ್ಲ, ಕ್ಷಮಿಸು. ಕೆಮ್ಮು ಕಡಿಮೆಯಾಯಿತು ಅಂತ ಓದಿ ಸಂತೋಷವಾಯಿತು.

ಹೋದ ವಾರ ನಾನೇ ಕ್ಯಾಸಿನೊಗೆ ಹೋದೆ. ನಿಮ್ಮಪ್ಪನಿಗೆ ಹೇಳದೆ, ಒಂದು ಕಂಬದ ಮರೆಗೆ ನಿಂತು ನೋಡಿದೆ. ಅವನ ಅಂಕಿ ಬಂತು. ರಮೀರೊ ಬಿಲ್ಲೆ ಎಣಿಸಿ ಮುಂದೆ ತಳ್ಳಿದ. ನಿಮ್ಮಪ್ಪ ಅದರಲ್ಲಿ ಮೂರನ್ನು ಎತ್ತಿ, ಬಿಷಪ್ಪರು ಪ್ರಸಾದ ಕೊಡುವ ಹಾಗೆ, "ಹುಡುಗ್ರಿಗೆ" ಅಂದ. ಮೇಜಿನ ನೌಕರರೆಲ್ಲ ಒಂದೇ ಕಂಠದಲ್ಲಿ "ಧನ್ಯವಾದ, ದೋನ್ ಅಮದೇಯೊ!" ಅಂದರು. ಬಿಲ್ಲೆ ಅವರ ಭಕ್ಷೀಸು ಡಬ್ಬಿಯ ಸೀಳಿನೊಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೆ ಮೂರು. ಪಕ್ಕದಲ್ಲಿ ಕೂತ ವ್ಯಾಪಾರಿ ಅಂಕಿ ಹೊಡೆದಾಗ ಪದ್ಧತಿಯಂತೆ ಒಂದು ಕೊಟ್ಟ. ನಿಮ್ಮಪ್ಪ ಅವನ ಕಡೆ ನೋಡಿದ ನೋಟ ಇದೆಯಲ್ಲ, ಪಾಪದವನು ಕುರ್ಚಿ ಬದಲಿಸಿದ.

ಮನೆಗೆ ಬಂದ ಮೇಲೆ ಕೇಳಿದೆ: "ಒಂದು ಸಾಲ್ದಾ?"

"ಒಂದು ಹೊರಗಿನವ್ರು ಕೊಡೋದು."

"ನೀನು ಒಳಗಿನವ್ನಾ? ಒಳಗಿನವ್ನಾದ್ರೆ ಡಬ್ಬಿಯಿಂದ ತಗೋಬೇಕು, ಡಬ್ಬಿಗೆ ಹಾಕೋದಲ್ಲ."

"ಮೂವತ್ತು ವರ್ಷ ಆ ಡಬ್ಬಿಯ ಋಣ ತಿಂದಿದೀವಿ ಮುದುಕಿ. ನಿನ್ನ ಮಗಳ ಓದು, ಮದುವೆ ಎಲ್ಲಾ ಅದ್ರಲ್ಲೇ ಆಗಿದ್ದು. ಗೆದ್ದು ಕೈ ಜಾಡಿಸ್ಕೊಂಡು ಹೋಗೋರನ್ನ ನಾವು ಏನಂತಿದ್ವಿ ಗೊತ್ತಾ?"

"ಏನಂತಿದ್ರಿ?"

"ಹೆಂಗಸ್ರ ಮುಂದೆ ಹೇಳೋ ಮಾತಲ್ಲ ಅದು."

ನಾನು ಓದಿದವಳಲ್ಲ. ಹದಿಮೂರಕ್ಕೆ ಹೋಟೆಲಿನ ಪಾತ್ರೆ ತಿಕ್ಕಲು ಬಂದವಳು. ಆದರೆ ಸೋರುವ ಪಾತ್ರೆಯ ತೂತು ಹುಡುಕುವುದು ನನಗೆ ಗೊತ್ತು. ನೀನೇ ನೋಡು. ಚಕ್ರದಲ್ಲಿ ಒಂದರಿಂದ ಮೂವತ್ತಾರು, ಜೊತೆಗೊಂದು ಸೊನ್ನೆ, ಒಟ್ಟು ಮೂವತ್ತೇಳು ಮನೆ. ಎಲ್ಲಕ್ಕೂ ಒಂದೊಂದು ಬಿಲ್ಲೆ ಇಟ್ಟೆ ಅಂತಿಟ್ಟುಕೋ. ಮೂವತ್ತೇಳು ಹೋಯಿತು, ಯಾವುದೋ ಒಂದು ಬಂದೇ ಬಂತು, ಕೈಗೆ ಮರಳುವುದು ಮೂವತ್ತಾರು. ಆ ಒಂದು ಬಿಲ್ಲೆಯೇ ಕ್ಯಾಸಿನೊದ ಊಟ. ಉಳಿದದ್ದೆಲ್ಲ ಅದೃಷ್ಟ, ಇವತ್ತು ನಿನಗೆ, ನಾಳೆ ಪಕ್ಕದವನಿಗೆ. ಆ ಒಂದು ಬಿಲ್ಲೆ ಮಾತ್ರ ಅದೃಷ್ಟವಲ್ಲ, ಬಾಡಿಗೆ. ಇನ್ನು ನಿಮ್ಮಪ್ಪನ ಲೆಕ್ಕ: ಬಂದ ಮೂವತ್ತಾರರಲ್ಲಿ ಮೂರು ಡಬ್ಬಿಗೆ. ಚಕ್ರ ಒಂದು ತಿಂದರೆ ಇವನ ಮರ್ಯಾದೆ ಮೂರು ತಿನ್ನುತ್ತದೆ!

ಇದನ್ನು ಬೀನ್ಸ್ ಕಾಳು ಹರಡಿ ತೋರಿಸಿಕೊಟ್ಟೆ. ನೋಡಿದ. "ಸರಿ ಇದೆ" ಅಂದ. ಮಾರನೆಯ ದಿನ ಹೋಗಿ ಮತ್ತೆ ಮೂರು ಕೊಟ್ಟು ಬಂದ. "ಅವ್ರ ಮುಂದೆ ಕೈ ಮುಚ್ಚಿಕೊಂಡು ಕೂರೋದು ನನ್ನ ಕೈಲಾಗಲ್ಲ, ಸೋಲ್ತೀನಿ ಬೇಕಾದ್ರೆ" ಅನ್ನುತ್ತಾನೆ. ಈಗ ಆರು ಲಕ್ಷ ಹೋಗಿದೆ, ದೆಲ್ಫೀನಾ. ನಲವತ್ತೆರಡು ಮೂವತ್ತಾರಾಗಿದೆ.

ಗಂಡನನ್ನು ಬಾಗಿಲಲ್ಲೇ ತಡೆಯಿರಿ ಅಂತ ಹೆಂಡತಿ ಬರೆದುಕೊಟ್ಟರೆ ತಡೆಯುತ್ತಾರಂತೆ. ವಿಚಾರಿಸಿದೆ. ಆದರೆ ಬಾಗಿಲಲ್ಲಿ ನಿಲ್ಲುವವನು ನಿನ್ನ ನಾಮಕರಣಕ್ಕೆ ಬಂದು ಹಾಡಿದವನು. ಅವನ ಕೈಯಿಂದ ನಿಮ್ಮಪ್ಪನ ಎದೆ ತಡೆಸಲೇ? ಲೇಖನಿ ಹಿಡಿದೆ, ಇಟ್ಟುಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಕುಂಬಳಕಾಯಿ ಹೆಚ್ಚುತ್ತಿದ್ದೆ, ರಮೀರೊ ಹಿತ್ತಲ ಬಾಗಿಲಿಂದ ಬಂದ. ಮಾಟೆ ಕಷಾಯ ಹೊಯ್ದುಕೊಟ್ಟೆ. ಹೀರಲೂ ಇಲ್ಲ, ಕೆಳಗಿಡಲೂ ಇಲ್ಲ.

"ದೋನ್ಯಾ, ಅವರಿಗೆ ನೀವೇ ಹೇಳ್ಬೇಕು. ಏಳಿ ಅನ್ನೋಕೆ ನನ್ನ ಬಾಯಲ್ಲಾಗಲ್ಲ. ದಿನಾ ಕಣ್ಣೆದುರಿಗೇ ಕರಗ್ತಾ ಇದಾರೆ."

"ನೇರವಾಗಿ ಹೇಳು. ಚೆಂಡು ನಿಜವಾಗ್ಲೂ ಅವನು ಹೇಳಿದ ಕಡೆ ಬೀಳುತ್ತಾ?"

"ಕೆಲವು ದಿನ ಬೀಳುತ್ತೆ, ಕೆಲವು ದಿನ ಇಲ್ಲ. ಯೇಸುವಾಣೆ ನನಗ್ ಗೊತ್ತಿಲ್ಲ. ಆದ್ರೆ ಕೈ ಮಾತ್ರ ಅವರದೇ. ಎಸೆತ ಬದಲಿಸ್ತಾ ಇರಪ್ಪ ಅಂತ ಮೇಲಿನವರೂ ಹೇಳ್ತಾನೇ ಇರ್ತಾರೆ. ಈ ಮಣಿಕಟ್ಟು ಕೇಳಬೇಕಲ್ಲ?"

ಆಗ ನನ್ನ ತಲೆಯಲ್ಲಿ ಒಂದು ದೀಪ ಹತ್ತಿತು. ದೀಪವೋ ಕೊಳ್ಳಿಯೋ, ನೀನೇ ಹೇಳು.

"ಒಂದು ಮಧ್ಯಾಹ್ನ ಕೇಳೋ ಹಾಗೆ ಮಾಡು. ಒಂದ್ಸಲ ಹುಚ್ಚು ಹಿಡಿದ ಹಾಗೆ ಎಸಿ, ಒಂದ್ಸಲ ಸತ್ತವನ ಹಾಗೆ ಎಸಿ. ಮೇಲಿನವರೇ ಹೇಳಿದ್ ಮೇಲೆ ಮೋಸ ಏನ್ ಬಂತು? ನೀನು ಮೊದಲ ದಿನದಿಂದಲೂ ಹೀಗೇ ಬದಲಿಸ್ತಾ ಇದೀಯ, ಅವನು ತನ್ನ ಕೈ ಅನ್ಕೊಂಡಿದ್ದು ಅವನ ಕೈಯೇ ಅಲ್ಲ ಅಂತ ನಾನು ಹೇಳಿರ್ತೀನಿ."

ಅವನ ಮುಖ ನೋಡಬೇಕಿತ್ತು. ತಿನ್ನುವ ರೊಟ್ಟಿಯ ಮೇಲೆ ಉಗುಳು ಅಂದ ಹಾಗಾಯಿತು.

"ಅವರು ಆಮೇಲೆ ನನ್ನ ಮುಖ ನೋಡಲ್ಲ ದೋನ್ಯಾ."

"ಬೀದಿಗೆ ಬಿದ್ರೆ ಯಾರ ಮುಖ ನೋಡ್ತಾನೋ?"

ಮಾಟೆ ಪೂರ್ತಿ ತಣ್ಣಗಾದ ಮೇಲೆ ಹೀರಿ, ಹೂಂ ಅಂದು ಹೋದ.

ಈಗ ಅಸಲು ವಿಷಯ. ನಿನ್ನೆ ಊಟಕ್ಕೆ ಕೂತಾಗ ನಿಮ್ಮಪ್ಪ ಹೇಳಿದ: ಬ್ಯಾಂಕಿನಲ್ಲಿ ಉಳಿದ ಅವನ ಪಾಲು, ಹದಿನಾಲ್ಕು ಲಕ್ಷ, ಅಷ್ಟನ್ನೂ ನಾಳೆ ತೆಗೆಯುತ್ತಾನಂತೆ. ಮಂಗಳವಾರ ಮಧ್ಯಾಹ್ನ ಒಂದೇ ಕೂರಿಕೆಗೆ ಆರು ಲಕ್ಷ ವಾಪಸು ತಂದು, ಮತ್ತೆ ಕಾಲಿಡುವುದಿಲ್ಲವಂತೆ. "ದೊಡ್ಡ ಬಿಲ್ಲೆ ಇಟ್ರೆ ಬೇಗ ಮುಗಿಯುತ್ತೆ" ಅಂತಾನೆ. ಏನು ಮುಗಿಯುತ್ತದೆ ಅಂತ ನಾನು ಕೇಳಲಿಲ್ಲ.

ಬೇಡಿದೆ, ಬೈದೆ, ಅತ್ತೆ. ನಾನು ಅತ್ತದ್ದನ್ನು ನೀನು ಎಷ್ಟು ಸಲ ನೋಡಿದ್ದೀಯ? ತಟ್ಟೆ ಸರಿಸಿ ಎದ್ದುಹೋದ. ಹದಿನಾಲ್ಕು ಹೋದರೆ ಮನೆಯೂ ಇಲ್ಲ, ನನ್ನ ಕಸುಬೂ ಇಲ್ಲ. ಅರವತ್ತೊಂದರ ಹೆಂಗಸು ಮತ್ತೆ ಯಾರದೋ ಹೋಟೆಲಿನ ಪಾತ್ರೆಗೆ ಕೈ ಹಾಕಬೇಕು. ಆ ಸುಳ್ಳೊಂದು ಬಿಟ್ಟರೆ ನನ್ನ ಹತ್ತಿರ ಬೇರೆ ಆಯುಧ ಇಲ್ಲ. ಮಂಗಳವಾರ ನಾನೂ ಹೋಗುತ್ತೇನೆ. ನಮಗಾಗಿ ಒಂದು ಮೇಣದಬತ್ತಿ ಹಚ್ಚು.

ಅಮ್ಮ


ಮಂಗಳವಾರ, 4 ಏಪ್ರಿಲ್

ನನ್ನ ಬಂಗಾರದ ದೆಲ್ಫೀನಾಗೆ,

ನಿನ್ನ ತಂತಿ ಬಂದಾಗಲೇ "ಎಲ್ಲ ಕ್ಷೇಮ" ಅಂತ ಎರಡು ಪದ ಕಳಿಸಿದ್ದೆ. ಈಸ್ಟರ್ ವಾರದ ನೂಕುನುಗ್ಗಲಿನಲ್ಲಿ ಅದಕ್ಕಿಂತ ಹೆಚ್ಚು ಆಗಲಿಲ್ಲ. ಎರಡು ವಾರ ನಿನ್ನನ್ನು ಮುಳ್ಳಿನ ಮೇಲೆ ಕೂರಿಸಿದ್ದಕ್ಕೆ ಕ್ಷಮಿಸು. ಈಗ ನಿಧಾನವಾಗಿ ಬರೆಯುತ್ತೇನೆ, ನಮ್ಮದೇ ಮನೆಯ ಅಡುಗೆಮನೆಯಲ್ಲಿ ಕೂತು. ಹೌದು, ನಮ್ಮದೇ!

ಆ ಮಂಗಳವಾರ ಬೆಳಿಗ್ಗೆ ಹಾಲು-ಕಾಫಿ ಮುಂದಿಟ್ಟು ಸುಳ್ಳು ಹೇಳಿದೆ. "ರಮೀರೊ ಬಂದಿದ್ದ. ಮೊದಲ ದಿನದಿಂದಲೇ ಕೈ ಬದಲಿಸ್ತಾ ಇದೀನಿ ಅಂದ. ನಿನಗೆ ಹೇಳೋಕೆ ನಾಚಿಕೆಯಂತೆ."

ನಿಮ್ಮಪ್ಪ ಹೊಟ್ಟೆ ಹಿಡಿದು ನಕ್ಕ. "ನನ್ನ ಮುಂದೆ ನನ್ನ ಕೈನ ಬಚ್ಚಿಡ್ತಾನಾ? ಹುಡುಗ ನಿನ್ನ ಹತ್ರ ಜಂಬ ಕೊಚ್ಚಿದಾನೆ."

"ಹೋಗಿ ನೋಡು ಹಾಗಾದ್ರೆ."

"ನೋಡ್ತೀನಿ. ನೀನೂ ಬಾ. ಶಾಲು ಹೊದ್ಕೊಂಡು ಬಾ, ನಾನ್ ತಂದಿದ್ದು."

ಮಧ್ಯಾಹ್ನ ಬಾಗಿಲು ತೆರೆದಾಗ ನಾವೇ ಮೊದಲಿಗರು. ನಿಮ್ಮಪ್ಪನ ಎದೆಯ ಜೇಬು ಹದಿನಾಲ್ಕು ಲಕ್ಷದಿಂದ ಪಾರಿವಾಳ ಅಡಗಿಸಿಟ್ಟ ಹಾಗೆ ಉಬ್ಬಿತ್ತು. ನೇರಳೆ ಬಿಲ್ಲೆ ತೆಗೆದುಕೊಂಡ. ಈ ಸಲ ಒಂದೊಂದು ಹತ್ತು ಸಾವಿರದ್ದು, ಹಿಂದಿನದರ ಹತ್ತರಷ್ಟು. ನಾನು ಅವನ ಬೆನ್ನ ಹಿಂದೆ ನಿಂತೆ. ರಮೀರೊ ನನ್ನನ್ನು ನೋಡಿದ, ಮತ್ತೆ ಹಸಿರು ಬಟ್ಟೆ ನೋಡಿದ.

ಮೊದಲ ಎಸೆತ. ನನಗೇ ಗೊತ್ತಾಯಿತು, ದೆಲ್ಫೀನಾ. ಆ ಬೋಗುಣಿಯಲ್ಲಿ ಚೆಂಡು ತಿರುಗುವ ಸದ್ದು ಎಷ್ಟು ವರ್ಷ ಕೇಳಿದ್ದೇನೆ. ರೇಷ್ಮೆ ಹರಿದ ಹಾಗೆ ಇರುತ್ತಿತ್ತು. ಇದು ಬಕೆಟ್ಟಿಗೆ ಕಲ್ಲು ಬಿದ್ದ ಹಾಗೆ ಕುಪ್ಪಳಿಸಿತು. ನಿಮ್ಮಪ್ಪನ ಕೈ ಬಿಲ್ಲೆಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಐದು ಅಂಕಿಗೆ ಇಟ್ಟ. ಚೆಂಡು ಚಕ್ರದ ಆ ತುದಿಗೆ ಹೋಗಿ ಕೂತಿತು. ಐವತ್ತು ಸಾವಿರ.

ಎರಡನೆಯದು ನಾಲ್ಕು ಸುತ್ತಿಗೇ ಉಸಿರು ಬಿಟ್ಟಿತು. ಇನ್ನೊಂದು ಐವತ್ತು ಸಾವಿರ. ನಿಮ್ಮಪ್ಪ ತಲೆ ಎತ್ತಿ ರಮೀರೊನ ಮಣಿಕಟ್ಟನ್ನೇ ನೋಡಿದ. ಕೋಪ ಇರಲಿಲ್ಲ. ಗುರುತು ಸಿಕ್ಕದ ನೆಂಟನನ್ನು ನೋಡುವ ಹಾಗೆ ನೋಡಿದ. ಈಗ ಎದ್ದುಬಿಡುತ್ತಾನೆ ಅಂದುಕೊಂಡು ಅವನ ಕುರ್ಚಿಯ ಬೆನ್ನು ಹಿಡಿದೆ.

ಏಳಲಿಲ್ಲ. ಎರಡರಷ್ಟು ಇಟ್ಟ! ಒಂದೊಂದು ಅಂಕಿಗೂ ಎರಡೆರಡು ಬಿಲ್ಲೆ, ಥೇಟ್ ಕಬ್ಬಿಣದಂಗಡಿ ಲಿಸಾಸೊನ ಹಾಗೆ. ಮೂವತ್ತು ವರ್ಷ ಯಾವುದನ್ನು ನೋಡಿ ನಕ್ಕನೋ ಅದನ್ನೇ ಮಾಡಿದ. "ಮುದುಕ, ಸಾಕು" ಅಂದೆ. ಕೇಳಿಸಲಿಲ್ಲ. "ಇನ್ನು ಯಾರೂ ಹಾಕೋ ಹಾಗಿಲ್ಲ!" ಅಂತ ರಮೀರೊ ಕೂಗಿದ. ಹದಿನಾಲ್ಕು ಲಕ್ಷಕ್ಕೆ ಇನ್ನೆಷ್ಟು ಸಲ ಎರಡರಷ್ಟು ಮಾಡಬಹುದು ಅಂತ ಲೆಕ್ಕ ಹಾಕಿದೆ. ಇದೂ ಸೇರಿ ಮೂರು ಸಲ. ಅದಾದ ಮೇಲೆ ಮೇಜಿನ ಮಿತಿಯೂ ಬೇಕಿರಲಿಲ್ಲ, ನಮ್ಮ ಮನೆಯೇ ಮಿತಿ. ಚೆಂಡು ಅಂಚಿಗೆ ಬಡಿಯಿತು, ಹಾರಿತು, ಮತ್ತೆ ಬಡಿಯಿತು, ಆಮೇಲೆ ದಾರಿ ತಪ್ಪಿದ ಕುಡುಕ ಮನೆ ಬಾಗಿಲಲ್ಲೇ ಬಿದ್ದ ಹಾಗೆ ನಿಮ್ಮಪ್ಪನ ಐದರಲ್ಲಿ ಒಂದರ ಮೇಲೆ ಬಿತ್ತು.

ಮೇಜಿನ ಸುತ್ತ "ಓಹೋ" ಅಂತ ಒಂದು ಅಲೆ ಎದ್ದಿತು. ಏಳು ಲಕ್ಷ, ದೆಲ್ಫೀನಾ! ರಮೀರೊ ಸುಣ್ಣದ ಹಾಗೆ ಬಿಳಿಚಿಕೊಂಡ. ಈಗ ಇವನು ಜನ್ಮದಲ್ಲಿ ಏಳುವುದಿಲ್ಲ ಅಂದುಕೊಂಡೆ.

ನಿಮ್ಮಪ್ಪ ಒಬ್ಬ ಮಾತ್ರ ಬಿಲ್ಲೆಯ ರಾಶಿ ನೋಡಲಿಲ್ಲ. ಚಕ್ರವನ್ನೇ ನೋಡುತ್ತಾ ಮೆಲ್ಲಗೆ ಅಂದ: "ಆ ಎಸೆತಕ್ಕೆ ಇಲ್ಲಿ ಬೀಳಬಾರದಿತ್ತು."

ಗೆದ್ದದ್ದೇ ಅವನನ್ನು ಸೋಲಿಸಿತು. ಸೋತಿದ್ದರೆ ಹಟ ಹಿಡಿಯುತ್ತಿದ್ದನೋ ಏನೋ. ಹೇಗೆ ಹೇಗೋ ಎಸೆದ ಚೆಂಡೂ ತನ್ನ ಅಂಕಿಗೇ ಬಂದಾಗ, ಹಿಂದೆ ಬಂದದ್ದೆಲ್ಲ ಹೀಗೇ ಬಂದದ್ದು ಅಂತ ತೀರ್ಮಾನಿಸಿಬಿಟ್ಟ. ಗೆದ್ದ ಅಂಕಿಗೆ ಇಟ್ಟದ್ದು ಎರಡರಷ್ಟು ಅಂತ ಭಕ್ಷೀಸನ್ನೂ ಎರಡರಷ್ಟು ಮಾಡಿ, ಮೂರರ ಬದಲು ಆರು ಬಿಲ್ಲೆ ಎಣಿಸಿ "ಹುಡುಗ್ರಿಗೆ" ಅಂದ. "ಧನ್ಯವಾದ, ದೋನ್ ಅಮದೇಯೊ!" ಅಂದರು. ಎದ್ದ. ಉಳಿದದ್ದನ್ನು ನಗದು ಮಾಡಿಸಿ, ಎಣಿಸದೆ ನನ್ನ ಚೀಲಕ್ಕೆ ಹಾಕಿದ.

ಸಮುದ್ರದ ದಂಡೆ ಹಿಡಿದು ನಡೆದುಬಂದೆವು. ಕಲ್ಲಿನ ಕಡಲಸಿಂಹಗಳ ಹತ್ತಿರ ಬಂದಾಗ ನಿಂತ.

"ಮೂವತ್ತು ವರ್ಷ ನನ್ನ ಕೈ, ನನ್ನ ಕೈ ಅಂತ ಬಡ್ಕೊಂಡೆ ಮುದುಕಿ. ಯಾರು ಹೇಗೆ ಎಸೆದ್ರೂ ಬೀಳೋದು ಬೀಳುತ್ತೆ. ಕೈ ಅನ್ನೋದೇ ಇರ್ಲಿಲ್ಲ."

"ಗಾಳಿ ಬೀಸ್ತಿದೆ, ಕೋಟಿನ ಗುಂಡಿ ಹಾಕ್ಕೋ" ಅಂದೆ.

29ನೇ ತಾರೀಖು ನೋಟರಿಯ ಮುಂದೆ ಕೂತೆವು. ನೋಟರಿಯ ಖರ್ಚು, ಮುದ್ರೆ ಕಾಗದದ ಖರ್ಚು ಸೇರಿ ಸ್ವಲ್ಪ ಕಡಿಮೆ ಬಿತ್ತು. ಈಸ್ಟರಿಗೆ ಬರುವವರಿಂದ ಮುಂಗಡ ತೆಗೆದುಕೊಂಡು ತುಂಬಿಸಿದೆ. ದೋನ್ಯಾ ಕ್ಲೊರಿಂದಾ ಸಹಿ ಹಾಕಿದಳು, ನಿಮ್ಮಪ್ಪ ಹಾಕಿದ, ನಾನು ಹಾಕಿದೆ. ಕಟ್ಟಡದವನು ಬೀದಿಯ ಆಚೆ ಬದಿ ಕಾರಿನಲ್ಲಿ ಕೂತು ಕಾಯುತ್ತಿದ್ದ. ಹೊರಗೆ ಬಂದು ಅವನಿಗೆ ಟೋಪಿ ಎತ್ತಿದ ಹಾಗೆ ಶಾಲು ಎತ್ತಿ ತೋರಿಸಿದೆ. ಪಾತ್ರೆ ತಿಕ್ಕಿದವಳಿಗೆ ಅಷ್ಟು ಜಂಬ ಇರಬಾರದೇ?

ನೋಡು ಮಗಳೇ, ಒಂದು ಸುಳ್ಳಿಗೆ ಒಂದು ಮನೆ. ಇದಕ್ಕಿಂತ ಅಗ್ಗದ ವ್ಯಾಪಾರ ನಾನು ಜೀವಮಾನದಲ್ಲಿ ಮಾಡಿಲ್ಲ. ಚಳಿಗಾಲದಲ್ಲಿ ಬನ್ನಿ, ಬಾಡಿಗೆ ಕೇಳುವುದಿಲ್ಲ. ಮುಂದಿನ ಕೋಣೆಗೆ ಸುಣ್ಣ ಹೊಡೆಸುತ್ತೇನೆ. ಮಗು ಮರದ ಕುದುರೆಯ ಬಾಲ ಕಿತ್ತಿತು ಅಂತ ಬರೆದಿದ್ದೀಯ, ಕೀಳಲಿ, ಇನ್ನೊಂದು ತರೋಣ. ದೇವರು ನಿಮ್ಮ ಮೂವರನ್ನೂ ಗಾಳಿಯಿಂದ, ಕೆಮ್ಮಿನಿಂದ, ದೊಡ್ಡ ಆಸೆಯಿಂದ ಕಾಪಾಡಲಿ.

ನಿನ್ನನ್ನೇ ನೆನೆಯುವ,
ಅಮ್ಮ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿದ್ದೆ, ಕೆಟಲಿನ ಆವಿಗೆ ಹಿಡಿದು ಮತ್ತೆ ಬಿಚ್ಚಿದೆ.

ನಿನ್ನೆ ಕ್ಯಾಸಿನೊದ ಹುಡುಗರು ನಿಮ್ಮಪ್ಪನಿಗೆ ಒಂದು ಅಸಾದೊ, ಕೆಂಡದಲ್ಲಿ ಸುಟ್ಟ ಮಾಂಸದ ಊಟ, ಏರ್ಪಡಿಸಿದ್ದರು. ಅರ್ಧ ಕುರಿ, ಸಾಸೇಜು, ವೈನು. ನನ್ನನ್ನೂ ಕರೆದಿದ್ದರು. ಅವರ ಪೈಕಿ ಹಿರಿಯ ಎದ್ದು ಗ್ಲಾಸು ಎತ್ತಿ ಹೇಳಿದ: "ಈ ಬೇಸಿಗೆ ನಮ್ಮ ಡಬ್ಬಿ ಬಿಚ್ಚಿದಾಗೆಲ್ಲಾ ನೇರಳೆ ಬಿಲ್ಲೆಗಳೇ ಕಣ್ರಪ್ಪಾ. ಬೇರೆ ತೆಗೆದು ಎಣಿಸಿಟ್ಟಿದೀವಿ. ಆ ಕೊನೇ ಮಂಗಳವಾರದ್ದು ಬಿಟ್ಟೇ ಒಂಬತ್ತು ಲಕ್ಷ! ದೋನ್ ಅಮದೇಯೊ ಥರ ಕೊಟ್ಟವರು ನಮ್ಮ ಕಾಲದಲ್ಲಿ ಯಾರೂ ಇಲ್ಲ!" ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು.

ನಾನು ತಟ್ಟೆ ಹಿಡಿದು ನಿಂತಲ್ಲೇ ನಿಂತೆ. ಆ ಮಂಗಳವಾರದ ಮುಂಚೆ ಅವನು ಕಳೆದದ್ದು ಆರು ಲಕ್ಷ. ಡಬ್ಬಿಗೆ ಹಾಕಿದ್ದು ಒಂಬತ್ತು. ಅಂದರೆ ಚಕ್ರದಿಂದ ಅವನು ಮೂರು ಲಕ್ಷ ಗೆದ್ದಿದ್ದ, ದೆಲ್ಫೀನಾ. ಬಾಡಿಗೆಯ ಬಿಲ್ಲೆ ಕಟ್ಟಿದ ಮೇಲೂ ಗೆದ್ದಿದ್ದ. ಅದು ಅದೃಷ್ಟವೂ ಇರಬಹುದು, ಒಂದು ಬೇಸಿಗೆಯಲ್ಲಿ ಏನು ತಿಳಿಯುತ್ತದೆ? ಆದರೆ ಕೈ ವಿಷಯ ಅವನು ಹೇಳಿದ್ದು ಸುಳ್ಳು ಅಂತ ತೋರಿಸಲು ನನ್ನ ಸುಳ್ಳು ಬಿಟ್ಟರೆ ಬೇರೆ ಏನೂ ಇರಲಿಲ್ಲ. ನಿಜ ಹೇಳಿದರೆ ನಾಳೆಯೇ ಸೂಟು ಹಾಕಿಕೊಂಡು ಹೋಗುತ್ತಾನೆ. ಮೇಜಿನ ಆ ತುದಿಯಲ್ಲಿ ರಮೀರೊ ಮಾಂಸ ಮುಟ್ಟದೆ ಕೂತಿದ್ದ. ಅವನೂ ಲೆಕ್ಕ ಹಾಕಿದ್ದ ಅಂತ ಕಾಣುತ್ತದೆ.

ನಿಮ್ಮಪ್ಪ ಹಾಕಲಿಲ್ಲ. ಕೊಟ್ಟದ್ದನ್ನು ಲೆಕ್ಕ ಹಾಕುವವನಲ್ಲ ಅವನು. ಮನೆಗೆ ಬರುವಾಗ ವೈನು ಸ್ವಲ್ಪ ತಲೆಗೇರಿತ್ತು. ನನ್ನ ತೋಳು ಹಿಡಿದು ಅಂದ: "ಹೇಗೆ ಚಪ್ಪಾಳೆ ಹೊಡುದ್ರು ನೋಡಿದ್ಯಾ ಮುದುಕಿ? ಕೈ ಇರ್ಲಿಲ್ಲ, ಹೋಗ್ಲಿ. ಮರ್ಯಾದೆಯಾದ್ರೂ ಇತ್ತಲ್ಲ ನನಗೆ?"

ಇತ್ತು ಮುದುಕ, ಅಂದೆ.